ಬಲದಿಂದ ಹೊಳ್ಳಿ ಬಂದ ಸಮೀಕರಣ

ಹಾಲ್ ಟಿಕೆಟ್ ಮನೆಯಲ್ಲೇ ಉಳಿಯಬಹುದಿತ್ತು. ಉಳಿಯದೆ ಚೀಲ ಸೇರಿದರೂ ಅದರ ಮೇಲಿನ ಫೋಟೊ ನೋಡಿ ‘ಇದು ನೀವಲ್ಲ’ ಎಂದು ಗೇಟಿನಲ್ಲಿ ತಡೆಯಬಹುದಿತ್ತು; ಫೋಟೊ ತೆಗೆಸಿದ ದಿನ ನಗಬಾರದೆಂದು ಆಕೆ ಎಷ್ಟು ಬಿಗಿಯಾಗಿ ತುಟಿ ಕಚ್ಚಿದ್ದಳೆಂದರೆ, ಯಾರ ಮೇಲೋ ಫಿರ್ಯಾದಿ ಕೊಡಲು ಬಂದವಳ ಹಾಗೆ ಕಾಣುತ್ತಿದ್ದಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ನವನಗರದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಸಂಜೆ ಬರಬೇಕಾದ ಮಳೆ ಬೆಳಿಗ್ಗೆಯೇ ಬಂದು ಪರೀಕ್ಷಾ ಕೊಠಡಿಯ ಹಂಚು ಸೋರಿ, ಸರಿಯಾಗಿ ಆಕೆಯ ಗ್ರಾಫ್ ಹಾಳೆಯ ಮೇಲೆ ಹನಿ ಬೀಳಬಹುದಿತ್ತು. ಆಕೆಯ ಅತ್ತೆಗೆ ಬಿ.ಪಿ. ಏರಬಹುದಿತ್ತು. ಸ್ಕೇಲು ಮುರಿಯಬಹುದಿತ್ತು, ಅದಕ್ಕೆಂದು ಕೊಟ್ಟ ಎರಡನೇ ಸ್ಕೇಲೂ ಮುರಿಯಬಹುದಿತ್ತು. ಪ್ರಶ್ನೆಪತ್ರಿಕೆ ತೆಗೆದವರು ಯಾರ ಮೇಲಿನ ಸಿಟ್ಟಿಗೋ y ಮೊದಲು, x ಆಮೇಲೆ ಇಟ್ಟು ಸಮೀಕರಣ ಬರೆದಿರಬಹುದಿತ್ತು. ಕೊಠಡಿಯ ಮೇಲ್ವಿಚಾರಕರು ನನ್ನ ಕೈಯಲ್ಲಿ ಹಿಂದೊಮ್ಮೆ ಛಡಿ ತಿಂದ ಹಳೆಯ ವಿದ್ಯಾರ್ಥಿಯೇ ಆಗಿರಬಹುದಿತ್ತು.

ಇಷ್ಟನ್ನೂ ನಾನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಏನು ಮಾಡಬೇಕೆಂದೂ ಬರೆದಿಟ್ಟಿದ್ದೆ. ನನ್ನ ಯಜಮಾನರು ಚಹಾ ಕುಡಿಯುತ್ತ ಆ ಹಾಳೆಯನ್ನು ಮೇಲಿಂದ ಕೆಳಗಿನವರೆಗೂ ಓದಿದರು.

“ಭೂಕಂಪ ಒಂದು ಬಿಟ್ಟೀ ನೋಡು,” ಎಂದರು.

ನಾನು ಅದನ್ನೂ ಸೇರಿಸಿದೆ.

ಪರೀಕ್ಷೆ ನನ್ನದಲ್ಲ. ನಾನು ಹುಬ್ಬಳ್ಳಿಯ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಅಕ್ಕೋರು. ಬರೆಯಬೇಕಾದವಳು ನಮ್ಮ ಶಾಲೆಯ ಆಯಾ. ಆಕೆಗೆ ನಲವತ್ಮೂರು ವರ್ಷ. ಹನ್ನೊಂದು ವರ್ಷದಿಂದ ಅದೇ ಆವರಣದ ಶಿಶುವಿಹಾರದ ಮಕ್ಕಳ ಮೂಗು ಒರೆಸುತ್ತ, ಬೂಟಿನ ಲೇಸು ಕಟ್ಟುತ್ತ, ಅಳುವವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ತಿರುಗಿಸುತ್ತ ಬಂದವಳು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಮೊದಲ ವರ್ಷ ‘ತಾತ್ಕಾಲಿಕ’ ಎಂದು ಬರೆದದ್ದು ಇನ್ನೂ ಹಾಗೆಯೇ ಇತ್ತು. ಈ ಪರೀಕ್ಷೆಯ ವರ್ಷ ಗ್ರಂಥಾಲಯ ಸಹಾಯಕರ ಜಾಗ ಖಾಲಿಯಾಯಿತು. ಅದು ಕಾಯಂ ಜಾಗ. ನಮ್ಮ ಆಡಳಿತ ಮಂಡಳಿಯವರು ಈಕೆಗೇ ಕೊಡಲು ಒಪ್ಪಿದರು, ಆದರೆ ಒಂದು ಷರತ್ತು: ಬೇಸಿಗೆ ರಜೆ ಮುಗಿದ ಮೇಲೆ ನಡೆಯುವ ಮೊದಲ ಸಭೆಯೊಳಗೆ ಹತ್ತನೇ ಇಯತ್ತೆ ಪಾಸಾದ ಅಂಕಪಟ್ಟಿ ತರಬೇಕು. ಇಲ್ಲವಾದರೆ ಹೊರಗಿನವರನ್ನು ಕರೆಯುತ್ತಾರೆ.

ಆಕೆ ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಿ ಪರೀಕ್ಷೆಗೆ ಕುಳಿತಳು. ಗಣಿತ ಬಿಟ್ಟು ಎಲ್ಲ ಪಾಸು. ಗಣಿತದಲ್ಲಿ ಎರಡು ಅಂಕ ಕಡಿಮೆ.

“ಇಂಗ್ಲಿಷ್ ಸುದ್ದಾ ಪಾಸ್ ಆತ್ರಿ ಅಕ್ಕೋರ,” ಎಂದು ಆಕೆ ಮೊಬೈಲಿನಲ್ಲಿದ್ದ ಫಲಿತಾಂಶವನ್ನು ನನ್ನ ಮುಖದ ಹತ್ತಿರ ಹಿಡಿದಳು. “ಈ ಗಣಿತಕ್ಕ ಏನ್ ಧಾಡಿ ಆಗಿತ್ತು?”

ಗಣಿತಕ್ಕೆ ಆದ ಧಾಡಿ ನಾನೇ ಎಂಬ ಅನುಮಾನ ನನಗೆ ಅಂದಿನಿಂದ ಹಿಡಿಯಿತು. ಏಕೆಂದರೆ ಕಲಿಸಿದವಳು ನಾನು. ಆಕೆಗಾಗಿ ಮಂಡಳಿಯವರ ಮುಂದೆ ನಿಂತು ‘ಪಾಸ್ ಮಾಡಸೂ ಜವಾಬ್ದಾರಿ ನಂದು’ ಎಂದು ಎದೆ ತಟ್ಟಿ ಹೇಳಿದವಳೂ ನಾನೇ. ಅದೃಷ್ಟಕ್ಕೆ ಅದೇ ಬೇಸಿಗೆಯಲ್ಲಿ ಎರಡನೇ ಸಲ ಪರೀಕ್ಷೆ ಬರೆಯಲು ಅವಕಾಶವಿತ್ತು. ಮಧ್ಯೆ ನಾಲ್ಕು ವಾರಕ್ಕಿಂತ ಕಡಿಮೆ ಸಮಯ.

ಮೊದಲು ಆಕೆಯ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆವು. ಎಲ್ಲಿ ಸೋರಿತು ಎಂದು ತಿಳಿಯದೆ ತೇಪೆ ಹಾಕುವುದು ಹೇಗೆ? ಓದುತ್ತ ಹೋದ ಹಾಗೆ ಕಂಡದ್ದೇನೆಂದರೆ, ಎರಡು ಸರಳ ರೇಖೆಗಳ ಸಮೀಕರಣ ಬಂದ ಕಡೆಯಲ್ಲೆಲ್ಲ ಆಕೆ ಬಿದ್ದಿದ್ದಳು. ಸಮಾಂತರವೋ, ಛೇದಿಸುತ್ತವೆಯೋ, ಒಂದರ ಮೇಲೊಂದು ಬೀಳುತ್ತವೆಯೋ ಹೇಳಿರಿ ಎಂದು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: ಛೇದಿಸುತ್ತವೆ. ಆಕೆಯ ಲೋಕದಲ್ಲಿ ಎಲ್ಲ ರೇಖೆಗಳೂ ಎಲ್ಲೋ ಒಂದು ಕಡೆ ಭೇಟಿಯಾಗಿ ಮಾತಾಡಿಸಿಕೊಂಡೇ ಹೋಗುತ್ತಿದ್ದವು.

ಇದೇನೂ ಕಷ್ಟದ ಲೆಕ್ಕವಲ್ಲ. ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದೇನೆ. 2x + 3y − 5 = 0 ಒಂದು ಸಮೀಕರಣ, ಅದರ ಕೆಳಗೆ 4x + 6y − 7 = 0 ಇನ್ನೊಂದು ಎಂದುಕೊಳ್ಳಿ. x ಜೊತೆಗಿನ ಅಂಕಿಗಳನ್ನು ಒಂದರ ಕೆಳಗೊಂದು ಇಡಬೇಕು: 2/4. y ಜೊತೆಗಿನವನ್ನು ಹಾಗೆಯೇ: 3/6. ಕೊನೆಗೆ ಒಂಟಿಯಾಗಿರುವ ಅಂಕಿಗಳು: −5/−7, ಅಂದರೆ 5/7. ಮೊದಲಿನ ಎರಡು ಅನುಪಾತ ಸಮ, ಎರಡೂ ಅರ್ಧ, ಮೂರನೆಯದು ಬೇರೆ. ಹಾಗಿದ್ದರೆ ರೇಖೆಗಳು ಸಮಾಂತರ, ಎಷ್ಟು ದೂರ ಎಳೆದರೂ ಕೂಡುವುದಿಲ್ಲ. ಮೂರೂ ಸಮವಾದರೆ ಅದು ಒಂದೇ ರೇಖೆ, ಎರಡು ವೇಷ ಹಾಕಿ ನಿಂತಿದೆ ಅಷ್ಟೆ. ಮೊದಲಿನ ಎರಡೇ ಸಮವಿಲ್ಲದಿದ್ದರೆ ಮೂರನೆಯದನ್ನು ನೋಡುವುದೇ ಬೇಡ, ಎಲ್ಲೋ ಒಂದು ಕಡೆ ಕತ್ತರಿಸುತ್ತವೆ.

ರಜೆಯಾದ್ದರಿಂದ ಹೆಡ್‌ಮಾಸ್ತರರು ಗ್ರಂಥಾಲಯದ ಕೀಲಿಕೈಯನ್ನೇ ನನ್ನ ಕೈಗಿಟ್ಟರು. “ಈ ಕೀಲಿ ಆಕಿ ಕೈಯಾಗ ಹೋಗೂದು ಈಗ ನಿಮ್ಮ ಕೈಯಾಗ ಅದ ನೋಡ್ರಿ,” ಎಂದರು. ಅವರು ಹುರುಪು ತುಂಬಲು ಹೇಳಿದ ಮಾತು. ನನಗೆ ಎರಡು ದಿನ ಊಟ ಸೇರಲಿಲ್ಲ.

ಮೊದಲು ಬಾಯಿಪಾಠ ಮಾಡಿಸಿದೆ. ನಿಯಮವನ್ನು ಆಕೆ ಮಗ್ಗಿಯ ಹಾಗೆ ತಪ್ಪಿಲ್ಲದೆ ಒಪ್ಪಿಸಿದಳು. ಲೆಕ್ಕ ಕೊಟ್ಟರೆ ‘ಛೇದಿಸುತ್ತವೆ’. ಆಮೇಲೆ ಬಣ್ಣದ ಸೀಮೆಸುಣ್ಣ ತಂದೆ. x ಅಂಕಿ ಕೆಂಪು, y ಅಂಕಿ ನೀಲಿ, ಒಂಟಿ ಅಂಕಿ ಹಸಿರು. ಕೆಂಪಿನ ಕೆಳಗೆ ಕೆಂಪು, ಹಸಿರಿನ ಕೆಳಗೆ ಹಸಿರು. ಹತ್ತಕ್ಕೆ ಹತ್ತು ಸರಿ! ಆ ದಿನ ಮನೆಗೆ ಹೋಗುವಾಗ ಇಬ್ಬರೂ ಗಿರಮಿಟ್ಟು ತಿಂದೆವು. ಮರುದಿನ ಅವೇ ಲೆಕ್ಕಗಳನ್ನು ಕಪ್ಪು ಪೆನ್ನಿನಲ್ಲಿ ಬರೆದುಕೊಟ್ಟೆ. ಹತ್ತಕ್ಕೆ ಹತ್ತೂ ಛೇದಿಸಿದವು.

“ಪರೀಕ್ಷಾದಾಗ ಬಣ್ಣದ ಪೆನ್ ತಗೊಂಡ್ ಹೋಗಾಕ ಬಿಡ್ತಾರೇನ್ರಿ?” ಎಂದು ಆಕೆ ಕೇಳಿದಳು.

“ಪ್ರಶ್ನಿ ಪತ್ರಿಕಿ ಬಣ್ಣದಾಗ ಅಚ್ಚ ಹಾಕಸ್ಬೇಕಾಗ್ತದ, ಯವ್ವಾ.”

ನಾನು ಕೋಪದಿಂದ ಹೇಳಿದ್ದು. ಆಕೆ ಅದು ಸಾಧ್ಯವಿದೆಯೇ ಎಂದು ಸ್ವಲ್ಪ ಹೊತ್ತು ಯೋಚಿಸಿದಳು.

ಸಂಜೆ ಕುಳಿತು ಹಳೆಯ ಉತ್ತರಪತ್ರಿಕೆಯನ್ನೂ ಹೊಸ ತಪ್ಪುಗಳನ್ನೂ ಪಕ್ಕಪಕ್ಕದಲ್ಲಿ ಹರಡಿದೆ. ಅಂತಿಮ ಉತ್ತರ ಬಿಟ್ಟು ಮಧ್ಯದ ಸಾಲುಗಳನ್ನು ನೋಡಿದ್ದು ಆಗಲೇ. ಮೇಲಿನ ಉದಾಹರಣೆಯಲ್ಲಿ ಆಕೆ ಬರೆಯುತ್ತಿದ್ದುದು ಹೀಗೆ: 2/−7, 3/6, −5/4. ಎಲ್ಲ ಲೆಕ್ಕದಲ್ಲೂ ಮಧ್ಯದ ಅನುಪಾತ ಸರಿ. ಆಚೆ ಈಚೆಯವು ತಪ್ಪು. ಅಡ್ಡಾದಿಡ್ಡಿ ತಪ್ಪಲ್ಲ, ಶಿಸ್ತಿನ ತಪ್ಪು: ಕೆಳಗಿನ ಅಂಕಿಗಳು ಅದಲುಬದಲಾಗಿ ಕುಳಿತಿದ್ದವು. ಯಾಕೆ ಎಂದು ನನಗೆ ಹೊಳೆಯಲಿಲ್ಲ.

“ಆಕಿಗೆ ಕಣ್ಣಿನ ತಪಾಸಣಿ ಮಾಡಸು,” ಎಂದರು ಯಜಮಾನರು. ಅವರಿಗೆ ಗೋಕುಲ ರಸ್ತೆಯಲ್ಲಿ ಒಂದು ಲೇತ್ ಯಂತ್ರವಿದೆ. ಕೆಲಸ ಕೆಟ್ಟರೆ ಮೊದಲು ಅಳತೆಪಟ್ಟಿಯನ್ನು ಅನುಮಾನಿಸುವುದು ಅವರ ರೂಢಿ. ಕಣ್ಣು ಪರೀಕ್ಷೆಯೂ ಆಯಿತು. ಆಕೆಗೆ ಸೂಜಿಯ ಕಣ್ಣು ನನಗಿಂತ ಚೆನ್ನಾಗಿ ಕಾಣುತ್ತಿತ್ತು.

ಪರೀಕ್ಷೆಗೆ ಹತ್ತು ದಿನ ಇದ್ದಾಗ ಆಕೆ ಪಾಠಕ್ಕೆ ಬರಲಿಲ್ಲ. ಎರಡನೇ ದಿನವೂ ಇಲ್ಲ. ಫೋನು ಮಾಡಿದರೆ ‘ಬರ್ತೇನ್ರಿ, ಬರ್ತೇನ್ರಿ’ ಎಂದು ಇಟ್ಟುಬಿಟ್ಟಳು. ಆಕೆ ಕೈಚೆಲ್ಲಿದಳು, ನಾನು ಬೈದದ್ದಕ್ಕೆ ನೊಂದಳು, ಓದೇ ಬೇಡವೆಂದು ಗಂಡ ಹೇಳಿದ ಎಂದು ಮೂರು ಕಥೆ ಕಟ್ಟಿಕೊಂಡು ಆಟೊ ಹಿಡಿದು ಕಮರಿಪೇಟೆಯ ಆಕೆಯ ಮನೆಗೆ ಹೋದೆ.

ಪಡಸಾಲೆಯ ತುಂಬ ಕೌದಿ ಹಾಸಿತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹರಡಿ, ನಾಲ್ಕು ಮೂಲೆಗೆ ಒಳಕಲ್ಲಿನ ಗುಂಡು, ತೂಕದ ಕಲ್ಲು ಇಟ್ಟಿದ್ದರು. ಅದರ ಮೇಲೆ ಕುಳಿತು ಆಕೆ ಹೊಲಿಯುತ್ತಿದ್ದಳು. ಅತ್ತೆ ಕಂಬಕ್ಕೆ ಒರಗಿ ದಾರ ಪೋಣಿಸಿ ಕೊಡುತ್ತಿದ್ದರು.

“ಬರ್ರಿ ಅಕ್ಕೋರ, ಬರ್ರಿ. ನಿಮ್ಮ ಸಾಲಿ ಹುಡುಗಿ ಅಭ್ಯಾಸ ಬಿಟ್ಟು ಕೌದಿ ಹೊಲ್ಯಾಕತ್ತಾಳ. ಕಿವಿ ಹಿಂಡ್ರಿ,” ಎಂದರು ಅತ್ತೆ.

“ನೀವ ಕುಂದ್ರಿಸಿ ನನ್ನ ಹೆಸರ ಹೇಳ್ತೀರಲ್ರಿ ಅತ್ತಿ! ಮಳಿ ಹಿಡಿಯೂದ್ರಾಗ ಮುಗೀಬೇಕು ಅಂದಾವ್ರು ಯಾರು?”

“ನಾನು ಕೌದಿ ಮುಗೀಬೇಕು ಅಂದೆ. ಪಾಸ್ ಆಗಬ್ಯಾಡ ಅಂದೇನೇನು?”

ನಾನು ಗೋಡೆ ಪಕ್ಕ ಕುಳಿತೆ. ಬೈಯಲು ಸಿದ್ಧಮಾಡಿಕೊಂಡು ಬಂದ ಮಾತುಗಳು ಆಕೆಯ ಕೈ ನೋಡುತ್ತ ಮರೆತುಹೋದವು. ಸೂಜಿ ಎಡದಿಂದ ಬಲಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೋಯಿತು. ಬಲದ ಅಂಚು ಮುಟ್ಟಿತು. ಆಕೆ ದಾರ ಕಡಿಯಲಿಲ್ಲ. ಒಂದು ಬೆರಳು ಕೆಳಗಿಳಿದು, ಅಲ್ಲಿಂದಲೇ ಎಡಕ್ಕೆ ಹೊರಟಳು.

“ಎರಡನೇ ಸಾಲು ಎಡಕಿನಿಂದ ಯಾಕ ಸುರು ಮಾಡಂಗಿಲ್ಲ?” ಎಂದೆ.

ಆಕೆ ನನ್ನನ್ನು ಶಿಶುವಿಹಾರದ ಮಕ್ಕಳನ್ನು ನೋಡುವ ಹಾಗೆ ನೋಡಿದಳು. “ದಾರ ಇಲ್ಲೇ ಐತಲ್ರಿ. ಮತ್ತ ಅಲ್ಲೀತನಾ ಯಾಕ ಹೋಗೂದು? ಇಲ್ಲಿಂದನ ಹೊಳ್ಳೂದು.”

ಚೀಲದಿಂದ ಹಾಳೆ ತೆಗೆದು ಎರಡು ಸಮೀಕರಣ ಒಂದರ ಕೆಳಗೊಂದು ಬರೆದು ಆಕೆಯ ಮುಂದಿಟ್ಟೆ. “ಬೆರಳಿಟ್ಟು ಅಂಕಿ ಅಷ್ಟ ಓದು.”

ಬೆರಳು ಎಡದಿಂದ ಬಲಕ್ಕೆ ಹೋಯಿತು: ಎರಡು, ಮೂರು, ಮೈನಸ್ ಐದು. ಅಲ್ಲಿಗೆ ಮೊದಲ ಸಾಲು ಮುಗಿಯಿತು. ಬೆರಳು ನೇರ ಕೆಳಗಿಳಿಯಿತು: ಮೈನಸ್ ಏಳು, ಆರು, ನಾಲ್ಕು. ಹೊಳ್ಳಿತು! ಮೂವತ್ತು ವರ್ಷ ಸಾಲು ಹಾಕಿದ ಕೈ, ಅಂಚು ಸಿಕ್ಕ ಕೂಡಲೇ ಹೊಳ್ಳಿತು. ಕೆಂಪಿನ ಕೆಳಗೆ ಕೆಂಪು ಎಂದಾಗ ಬಣ್ಣ ಆಕೆಯನ್ನು ಎಳೆದು ಜಾಗಕ್ಕೆ ಕೂರಿಸಿತ್ತು. ಬಣ್ಣ ಹೋದ ಮೇಲೆ ಕೈಯ ರೂಢಿ ಉಳಿಯಿತು.

“ಅಲ್ಲವಾ, ಓದೂದು ಬಲಕಿನಿಂದ ಓದ್ತಿ. ಮತ್ತ ಬರಿಯೂ ಮುಂದ 2ರ ಕೆಳಗ ಯಾಕ ಮೊದಲು ಬರಿತಿ?”

“ನೀವ ಹೇಳಿದ್ರಲ್ರಿ. ಬರಿಯೂದು ಯಾವಾಗ್ಲೂ ಎಡಕಿನಿಂದ, ಎಡಕಿನಿಂದ ಅಂತ ಒಂದ್ ನೂರ ಸಲ ಬಡಕೊಂಡೀರಿ.”

ಅತ್ತೆ ಸೂಜಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರು. ಆಕೆಯ ಕಣ್ಣು ಬಲದಿಂದ ತಂದದ್ದನ್ನು ನಾನು ಆಕೆಯ ಕೈಯಿಂದ ಎಡಕ್ಕೆ ಹಾಕಿಸುತ್ತಿದ್ದೆ. ಬಲತುದಿಯ ಏಳು ಎಡತುದಿಯ ಎರಡರ ಕೆಳಗೆ ಹೋಗಿ ಕೂರುತ್ತಿತ್ತು. ಮಧ್ಯದ್ದು ಮಾತ್ರ, ಎತ್ತ ಕಡೆಯಿಂದ ಎಣಿಸಿದರೂ ಮಧ್ಯದ್ದೇ ಆದ್ದರಿಂದ, ನನ್ನಿಂದ ಕೆಡದೆ ಉಳಿದಿತ್ತು.

ಈಗ ಏನು ಮಾಡುವುದು? ಹೊಳ್ಳಬೇಡ ಎಂದು ಕಲಿಸಬಹುದಿತ್ತು. ಉಳಿದದ್ದು ಎಂಟು ದಿನ. ಆ ಎಂಟು ದಿನದಲ್ಲಿ ಆಕೆ ಕೌದಿಯನ್ನೂ ಮುಗಿಸಬೇಕಿತ್ತು. ದಿನಕ್ಕೆ ನೂರು ಸಾಲು ಹೊಳ್ಳುತ್ತ, ನಡುವೆ ಹತ್ತು ಲೆಕ್ಕದಲ್ಲಿ ಹೊಳ್ಳದೆ ಇರುವುದು ಎಂದರೆ ಪರೀಕ್ಷೆಯ ಗಾಬರಿಯಲ್ಲಿ ಯಾವುದು ಗೆಲ್ಲುತ್ತದೆ ಎಂದು ಊಹಿಸಲು ನನ್ನಂಥ ಅಂಜುಬುರುಕಿಯೇ ಬೇಕೆಂದಿಲ್ಲ. ಆಟೊದಲ್ಲಿ ಮನೆಗೆ ಬರುತ್ತ ತೀರ್ಮಾನಿಸಿದೆ. ಆಕೆ ಹೊಳ್ಳಲಿ. ಕೈಯೂ ಹೊಳ್ಳಲಿ. ಬದಲಾಗಬೇಕಾದದ್ದು ನನ್ನ ಪದ್ಧತಿ.

ಮರುದಿನ ಗ್ರಂಥಾಲಯದಲ್ಲಿ ಹೊಸ ಕ್ರಮ ಹೇಳಿದೆ. ಮೊದಲ ಸಮೀಕರಣದ ಮೂರು ಅಂಕಿಗಳನ್ನು ಎಡದಿಂದ ಬಲಕ್ಕೆ ಬರೆ, ಪ್ರತಿಯೊಂದರ ಕೆಳಗೆ ಒಂದು ಗೆರೆ ಎಳೆ: 2, 3, −5. ಅಂಚು ಬಂತು. ದಾರ ಕಡಿಯಬೇಡ. ಅಲ್ಲಿಂದಲೇ ಕೆಳಗಿಳಿದು, ಬಲದಿಂದ ಎಡಕ್ಕೆ ಬರುತ್ತ ಗೆರೆಯ ಕೆಳಗೆ ತುಂಬು: ಐದರ ಕೆಳಗೆ ಏಳು, ಮೂರರ ಕೆಳಗೆ ಆರು, ಎರಡರ ಕೆಳಗೆ ನಾಲ್ಕು.

ಆಕೆ ಬರೆದಳು. 2/4, 3/6, −5/−7. ಕಪ್ಪು ಪೆನ್ನಿನಲ್ಲಿ.

“ಇಷ್ಟ ಏನ್ರಿ?” ಎಂದಳು.

“ಇಷ್ಟ.”

“ಮತ್ತ ಮೊದಲ ಹೇಳಬಾರದೇನ್ರಿ?”

ನಾನು ಮುಂದಿನ ಲೆಕ್ಕ ಕೊಟ್ಟೆ. ಮನೆಗೆ ಬಂದು, ಮೌಲ್ಯಮಾಪಕರು ಒಪ್ಪದಿದ್ದರೆ ಎಂದು ಚಿಂತೆ ಹತ್ತಿತು. ಯಜಮಾನರು, “ಬರದ ಮ್ಯಾಲ ಯಾವ ಅಂಕಿ ಮೊದಲ ಬಿತ್ತು ಅಂತ ಬ್ರಹ್ಮಗೂ ಗೊತ್ತಾಗಂಗಿಲ್ಲ. ಮಲಕೋ,” ಎಂದರು. ಅದು ನಿಜ. ಹಾಳೆಯ ಮೇಲೆ ಅದು ಎಲ್ಲರ ಲೆಕ್ಕದ ಹಾಗೆಯೇ ಕಾಣುತ್ತಿತ್ತು.

ಎರಡು ದಿನದ ಸಂತೋಷದ ನಂತರ ಹೊಸ ತೊಡಕು ಬಂತು. ಈಗ ಆಕೆ ಎಲ್ಲವನ್ನೂ ಸಮಾಂತರ ಎನ್ನತೊಡಗಿದಳು. ಮೊದಲಿನ ಎರಡು ಅನುಪಾತ ಸಮವೆಂದು ಕಂಡ ಕೂಡಲೇ ಪೆನ್ನು ಕೆಳಗಿಡುತ್ತಿದ್ದಳು. x + 2y − 3 = 0, 3x + 6y − 9 = 0 ಕೊಟ್ಟೆ. ಇಲ್ಲಿ ಮೂರೂ ಅನುಪಾತ ಒಂದೇ, ಮೂರರಲ್ಲಿ ಒಂದು. ಆಕೆ ‘ಸಮಾಂತರ’ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಳು.

“ಮೂರನೇದು ನೋಡಿದೇನು?”

“ಎರಡು ಕೂಡಿದ್ವಲ್ರಿ. ದಿಕ್ಕ ಒಂದ ಆತು. ಇನ್ನೇನ್ ನೋಡೂದೈತಿ?”

ಮಾತಿನಲ್ಲಿ ತಪ್ಪಿರಲಿಲ್ಲ, ದಿಕ್ಕು ಒಂದೇ ಎಂದು ಎರಡು ಅನುಪಾತ ಹೇಳುತ್ತವೆ, ಅದನ್ನು ನಾನು ಹೇಳಿಕೊಡದೆಯೇ ಆಕೆ ಹಿಡಿದಿದ್ದಳು. ಉಳಿದದ್ದನ್ನು ಹೇಳಿಕೊಟ್ಟವರು ಆಕೆಯ ಅತ್ತೆ. ಆ ಹೊತ್ತಿಗೆ ಪಾಠ ಗ್ರಂಥಾಲಯದಿಂದ ಕಮರಿಪೇಟೆಯ ಪಡಸಾಲೆಗೆ ಬಂದಿತ್ತು. ಇತ್ತ ಒಂದು ಲೆಕ್ಕ, ಅತ್ತ ನಾಲ್ಕು ಸಾಲು ಹೊಲಿಗೆ. ನಾನು ಮೂರನೇ ಬಾರಿ ವಿವರಿಸುತ್ತಿದ್ದೆ: ಮೂರನೇ ಅಂಕಿಯೂ ಅದೇ ಪ್ರಮಾಣದಲ್ಲಿದ್ದರೆ ರೇಖೆ ಸರಿದೇ ಇಲ್ಲ, ಮೊದಲಿನದರ ಮೇಲೆಯೇ ಕುಳಿತಿದೆ.

ಅತ್ತೆ ಸೂಜಿಯಿಂದ ಕೌದಿ ಚುಚ್ಚಿ ತೋರಿಸಿದರು. “ತಂಗೀ, ಹಾಕಿದ್ದ ಹೊಲಿಗಿ ಮ್ಯಾಲನ ಮತ್ತ ಹಾಕಿದ್ರ ಅದು ಎರಡ ಸಾಲು ಆತೇನ? ಒಂದ ಸಾಲು. ದಾರ ದಂಡ. ಅಕ್ಕೋರು ಇಷ್ಟ ಹೇಳಾಕ ಒಂದ್ ತಾಸು ತಗೊಂಡ್ರು.”

ಸೊಸೆ ಪೆನ್ನು ಎತ್ತಿಕೊಂಡಳು. ‘ಸಮಾಂತರ’ ಹೊಡೆದುಹಾಕಿ, ‘ಒಂದೇ ರೇಖೆ’ ಎಂದು ಬರೆದಳು. ಅಂದಿನಿಂದ ಮೂರನೇ ಅನುಪಾತವನ್ನು ಆಕೆ ಬಿಡಲಿಲ್ಲ. ಎರಡು ಸಮವಾದ ಕೂಡಲೇ ತನ್ನಷ್ಟಕ್ಕೆ ‘ಸರದೈತೋ, ದಾರ ದಂಡೋ’ ಎಂದುಕೊಂಡು ಮುಂದಕ್ಕೆ ನೋಡುತ್ತಿದ್ದಳು. ಗ್ರಾಫ್ ಹಾಳೆಯಲ್ಲಿ ನಾನು ಕಲಿಸಬೇಕಾದದ್ದು ಕಡಿಮೆ. x ಸೊನ್ನೆ ಮಾಡಿ ಒಂದು ಚುಕ್ಕೆ, y ಸೊನ್ನೆ ಮಾಡಿ ಇನ್ನೊಂದು, ಸ್ಕೇಲಿಟ್ಟು ಸೇರಿಸು. ಆಕೆಯ ಗೆರೆಗಳನ್ನು ನೋಡಿ ನನ್ನ ಗೆರೆಗಳ ಬಗ್ಗೆ ನಾಚಿಕೆಯಾಗತೊಡಗಿತು.

ಪರೀಕ್ಷೆಯ ದಿನ ನಾನೂ ಜೊತೆಗೆ ಧಾರವಾಡಕ್ಕೆ ಹೋದೆ. ಕೇಂದ್ರ ಕೆಲಗೇರಿಯ ಕಡೆಗಿತ್ತು. ಆಕೆ ಒಳಗೆ ಹೋದ ಮೇಲೆ ಕೆರೆಯ ದಂಡೆಯಲ್ಲಿ ಕುಳಿತು ನನ್ನ ಹಾಳೆ ತೆಗೆದೆ. ಹಾಲ್ ಟಿಕೆಟ್ ಇತ್ತು. ಫೋಟೊ ನಡೆಯಿತು. ಬಸ್ಸು ಕೆಡಲಿಲ್ಲ. ಮಳೆ ಇಲ್ಲ. ಒಂದೊಂದನ್ನೇ ಹೊಡೆದುಹಾಕುತ್ತ ಬಂದು ಭೂಕಂಪದ ಹತ್ತಿರ ಸ್ವಲ್ಪ ತಡೆದೆ; ಪತ್ರಿಕೆ ಮುಗಿಯಲು ಇನ್ನೂ ಒಂದು ತಾಸು ಇತ್ತು.

ಹೊರಗೆ ಬಂದಾಗ ಆಕೆಯ ಮುಖದಲ್ಲಿ ಗೆದ್ದ ಕಳೆಯೂ ಇಲ್ಲ, ಸೋತ ಕಳೆಯೂ ಇಲ್ಲ. ಹಸಿವು ಇತ್ತು.

“ಹೆಂಗಾತವಾ?”

“ಛಲೋ ಆತ್ರಿ. ನಿಮ್ಮ ಸಮಾಂತರ ಬಂದಿತ್ತು. ಅನುಪಾತಾನೂ ಕೇಳ್ಯಾರ, ಗ್ರಾಫೂ ಕೇಳ್ಯಾರ.”

ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದೆ. 3x + 2y − 6 = 0 ಮತ್ತು 6x + 4y − 36 = 0. ಈ ರೇಖೆಗಳು ಸಮಾಂತರವೇ ಪರೀಕ್ಷಿಸಿ, ನಕ್ಷೆ ಎಳೆಯಿರಿ. ನಾಲ್ಕು ಅಂಕ. ಅನುಪಾತ ಏನು ಬಂತು ಎಂದೆ. ಅರ್ಧ, ಅರ್ಧ, ಆರರಲ್ಲಿ ಒಂದು, ಎಂದಳು. “ಸರದೈತ್ರಿ, ದಾರ ದಂಡ ಆಗಿಲ್ಲ.” ನಾನು ನಡುರಸ್ತೆಯಲ್ಲಿ ಆಕೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಫೇಲಾದವರ ತಾಯಿ ಎಂದುಕೊಂಡು ಯಾರೋ ಬಂದು ಸಮಾಧಾನ ಹೇಳಿದರು.

ಫಲಿತಾಂಶ ಬಂತು. ಪಾಸಿಗೆ ಬೇಕಾದದ್ದಕ್ಕಿಂತ ಒಂಬತ್ತು ಅಂಕ ಹೆಚ್ಚು. ಸಭೆಯಲ್ಲಿ ಅಂಕಪಟ್ಟಿ ಮೇಜಿನ ಮೇಲೆ ಬಿತ್ತು, ‘ತಾತ್ಕಾಲಿಕ’ ಎಂಬ ಪದದ ಮೇಲೆ ಹೆಡ್‌ಮಾಸ್ತರರು ತಾವೇ ಕೆಂಪು ಗೆರೆ ಎಳೆದರು. ಶಿಶುವಿಹಾರದ ಮಕ್ಕಳು ಈಗಲೂ ಆಟದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಬಂದು ಆಕೆಯ ಮುಂದೆ ಬಿಚ್ಚಿದ ಬೂಟಿನ ಕಾಲು ಚಾಚುತ್ತಾರೆ. ಆಕೆ ಲೇಸು ಕಟ್ಟಿ, ಶಬ್ದ ಮಾಡಬೇಡಿ ಎಂದು ಗದರಿಸಿ ಕಳಿಸುತ್ತಾಳೆ.

ಪಾಸಾದವರು ಯಾರೂ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸುವುದಿಲ್ಲ. ನಾನು ತರಿಸಿದೆ. ಒಂಬತ್ತು ಅಂಕ ಎಲ್ಲಿಂದ ಹೆಚ್ಚಿಗೆ ಬಂತು, ಯಾರಾದರೂ ಕೂಡಿಸುವಾಗ ತಪ್ಪಿದ್ದಾರೋ ಎಂದು ಸುಮ್ಮನೆ ಒಂದು ಅಳುಕು. ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ಆದರೆ ಸಮಾಂತರ ರೇಖೆಗಳ ಪ್ರಶ್ನೆಗೆ ನಾಲ್ಕಕ್ಕೆ ಮೂರೇ ಬಂದಿತ್ತು. ಅನುಪಾತ ಸರಿ, ಚುಕ್ಕೆಗಳು ಸರಿ, ಎರಡು ಗೆರೆಗಳೂ ಸರಿ. ಆದರೆ ಅವುಗಳ ನಟ್ಟನಡುವೆ, ಯಾರೂ ಕೇಳದ ಮೂರನೆಯ ಗೆರೆ ಒಂದಿತ್ತು. ಗ್ರಂಥಾಲಯಕ್ಕೆ ಹೋಗಿ ಹಾಳೆಯನ್ನು ಆಕೆಯ ಮೇಜಿನ ಮೇಲಿಟ್ಟೆ.

“ಇದೇನಿದು ನಡುವ?”

“ಅದಾ? ಅದು ನಾನ ಹಾಕಿದ್ದರಿ.”

“ಯಾರು ಕೇಳಿದ್ರು?”

“ಯಾರೂ ಕೇಳಿಲ್ಲರಿ. ಆದ್ರ ಎರಡರ ನಡುವ ಅಷ್ಟ ಅಗಲ ಬಿಟ್ರ ಹೆಂಗ್ರಿ ಅಕ್ಕೋರ? ಒಗಿಯೂ ಮುಂದ ಒಳಗಿನ ಅರಿವಿ ಎಲ್ಲಾ ಸರದು ಒಂದ ಕಡೆ ಗುಪ್ಪಿ ಆಗೂದಿಲ್ಲೇನು?”

ಆ ಗೆರೆಯ ಗುಂಟ ಆಕೆಯ ದುಂಡು ಅಕ್ಷರದಲ್ಲಿ 3x + 2y − 12 = 0 ಎಂದು ಬರೆದಿತ್ತು. ಅದು ಪ್ರಶ್ನೆಯಲ್ಲಿ ಇರಲಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ನಿಂತಲ್ಲೇ ಮೇಲಿನ ಗೆರೆಯೊಂದಿಗೂ ಕೆಳಗಿನ ಗೆರೆಯೊಂದಿಗೂ ಅನುಪಾತ ಹಾಕಿ ನೋಡಿದೆ, ಎರಡಕ್ಕೂ ಸಮಾಂತರ. ಮೌಲ್ಯಮಾಪಕರು ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ವೃತ್ತ ಹಾಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಒಂದು ಅಂಕ ಕಳೆದಿದ್ದರು.